ಏಳನೆಯವನ ತೂಕ

ಎಳ್ಳಮಾವಾಸ್ಯೆ ಇನ್ನೂ ಹತ್ತು ದಿನ ಇರುವಾಗಲೇ ಬೀರಲಿಂಗಪ್ಪ ತನ್ನ ಕಬಡ್ಡಿ ತಂಡದ ಒಂಬತ್ತು ಮಂದಿಯನ್ನು ಯರಗುಪ್ಪಿಯ ಗರಡಿಮನೆಯ ಮುಂದೆ ನಿಲ್ಲಿಸಿ, ಅಮಾವಾಸ್ಯೆಯ ದಿನ ಯಾರೂ ಹೊಲಕ್ಕೆ ಹೋಗಕೂಡದೆಂದು ಹೇಳಿದ.

ಕಾರಣ ಎಲ್ಲರಿಗೂ ಗೊತ್ತಿತ್ತು. ಅಮಾವಾಸ್ಯೆಯ ಮರುದಿನವೇ ಕುಂದಗೋಳದಲ್ಲಿ ಪಂದ್ಯ. ಅದು ಐವತ್ತೈದು ಕಿಲೋ ಒಳಗಿನವರ ಪಂದ್ಯ. ಬೆಳಿಗ್ಗೆ ಒಬ್ಬೊಬ್ಬನನ್ನೂ ಹತ್ತಿ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಾರೆ. ಮುಳ್ಳು ಗೆರೆ ದಾಟಿದವನಿಗೆ ಆಟವಿಲ್ಲ. ಎಳ್ಳಮಾವಾಸ್ಯೆಯೆಂದರೆ ಮನೆಮನೆಯವರೂ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ಭೂಮಿತಾಯಿಗೆಂದು ಬೆಳೆಯ ಮೇಲೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುವ ದಿನ. ಹೊಲಕ್ಕೆ ಹೋದವನು ಉಣ್ಣದೆ ಬರುವುದಿಲ್ಲ. ತನ್ನ ಹೊಲದಲ್ಲಿ ಉಂಡವನನ್ನು ಬಾಜು ಹೊಲದವರೂ ಬಿಡುವುದಿಲ್ಲ.

"ಸರ, ವರ್ಷಕ್ಕ ಒಂದ ಸಲ ಬರೂ ಹಬ್ಬರೀ ಅದು," ಎಂದ ಅಮೋಘಸಿದ್ದಪ್ಪ. ತಂಡದಲ್ಲಿ ಎಲ್ಲರಿಗಿಂತ ಗಟ್ಟಿ ಹಿಡಿತದವನು ಅವನೇ.

"ಪಂದ್ಯಾನೂ ವರ್ಷಕ್ಕ ಒಂದ ಸಲನ ಬರ್ತೈತಿ."

ಕುತುಬುದ್ದೀನ ಹಿಂದಿನಿಂದ ಕೇಳಿದ: "ಹೊಲಕ್ಕ ಹೋಗಿ ಬರೇ ವಾಸನಿ ತಗೊಂಡ್ರ ನಡೀತೈತೇನ್ರಿ ಸರ? ನಮ್ಮವ್ವನೂ ಹೋಳಿಗಿ ಮಾಡ್ತಾಳ."

"ನಿನಗ ನಡ್ಯೂದಿಲ್ಲಲೇ. ನೀ ವಾಸನಿ ತಗೊಂಡ್ರೂ ಅರ್ಧಾ ಕಿಲೋ ಏರಾಂವ."

ಎಲ್ಲರೂ ನಕ್ಕರು. ಆದರೆ ಮರುದಿನ ಅಮೋಘಸಿದ್ದಪ್ಪನ ಜಾಗದಲ್ಲಿ ಅವನ ಅಪ್ಪ ಬಂದ. ಗರಡಿಮನೆಯ ಕಟ್ಟೆಯ ಮೇಲೆ ಕೂರಲೂ ಇಲ್ಲ. "ಮ್ಯಾನೇಜರ್ರ, ನಿಮಗ ಹೊಲಾ ಇಲ್ಲ, ಮನಿ ಇಲ್ಲ. ಚರಗಂದ್ರ ಏನಂತ ನಿಮಗ ಹೆಂಗ ಗೊತ್ತಾಗಬೇಕು? ನನ್ನ ಮಗ ಬರೂದಿಲ್ಲ," ಎಂದು ನಿಂತಲ್ಲೇ ಹೇಳಿ ಹೋದ. ಇನ್ನಿಬ್ಬರ ಮನೆಯವರು ಹೇಳಲೂ ಬರಲಿಲ್ಲ, ಹುಡುಗರನ್ನು ಕಳಿಸುವುದನ್ನೇ ನಿಲ್ಲಿಸಿದರು.

ಆರು ಜನ ಉಳಿದರು. ಕಬಡ್ಡಿಗೆ ಬೇಕಾದವರು ಏಳು.

"ಏಳನೇದಾಂವ ಯಾರ್ರಿ?" ಎಂದು ಕುತುಬುದ್ದೀನ ಕೇಳಿದಾಗ ಬೀರಲಿಂಗಪ್ಪ, "ನಾನು," ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತೆಂದು ಅವನಿಗೆ ಅನ್ನಿಸಿತು.

"ಮೊಣಕಾಲ ಹೆಂಗ ಮಾಡ್ತೀರಿ ಸರ?"

"ಮೊಣಕಾಲ ನಂದು. ನೀ ನಿನ್ನ ಹೊಟ್ಟಿ ನೋಡ್ಕೊ."

ಅವನಿಗೆ ಆಗ ನಲವತ್ತಮೂರು ವರ್ಷ. ಅವನ ತೂಕ ಐವತ್ತೈದಕ್ಕೆ ಅರ್ಧ ಕಿಲೋ ಕಡಿಮೆ ಇತ್ತು. ಅದು ತಾನಾಗಿಯೇ ಹಾಗಿದ್ದುದಲ್ಲ. ಆಡುವುದನ್ನು ಬಿಟ್ಟ ಮೇಲೂ ಅವನು ಒಂದು ದಿನವೂ ಹೊಟ್ಟೆ ಬಿರಿಯೆ ಉಂಡಿರಲಿಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ. ಆಟಗಾರರಿಗೆ ಆ ಕಟ್ಟಳೆ ಹಾಕಿದಾಗ ಕೆಲವರು ಬಿಟ್ಟುಹೋಗುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲವೇ? ಹೊಳೆದಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೆ ಹೇಳಿಕೊಂಡ ಮೇಲೂ ಮನಸ್ಸು ಪೂರ್ತಿ ಒಪ್ಪುತ್ತಿರಲಿಲ್ಲ.

ಇಪ್ಪತ್ತೊಂದನೆಯ ವಯಸ್ಸಿಗೆ ಅವನನ್ನು ಹುಬ್ಬಳ್ಳಿಯ ಒಂದು ನೂಲಿನ ಗಿರಣಿಯವರು ಕಬಡ್ಡಿಗಾಗಿಯೇ ಕೆಲಸಕ್ಕೆ ತೆಗೆದುಕೊಂಡಿದ್ದರು. ಹೆಸರು ನೂಲು ತೆಗೆಯುವ ಖಾತೆಯ ಹಾಜರಿಯಲ್ಲಿ ಇತ್ತು. ಆ ಯಂತ್ರಗಳನ್ನು ಅವನು ಕಿಟಕಿಯಿಂದ ನೋಡಿದ್ದಷ್ಟೇ. ಬೆಳಿಗ್ಗೆ ಓಟ, ಮಧ್ಯಾಹ್ನ ನಿದ್ದೆ, ಸಂಜೆ ಆಟ. ಸಾಂಗಲಿ, ಸೊಲ್ಲಾಪುರ, ದಾವಣಗೆರೆ, ಬೆಳಗಾವಿ ಎಂದು ವರ್ಷದ ಅರ್ಧ ರೈಲಿನಲ್ಲೇ ಕಳೆಯುತ್ತಿತ್ತು. ಅವನು ಸಾಲಿನ ಎಡತುದಿಯಲ್ಲಿ ನಿಲ್ಲುತ್ತಿದ್ದ. ಎದುರಾಳಿ ಉಸಿರು ಬಿಡದೆ ಕೂಗುತ್ತ ಒಳಗೆ ಬಂದಾಗ ಇವನು ಬಗ್ಗಿ, ಅವನ ಹಿಮ್ಮಡಿಯ ಮೇಲಿನ ಸಪೂರ ಜಾಗಕ್ಕೆ ಕೈ ಹಾಕುತ್ತಿದ್ದ. ಕೈ ಬಿದ್ದರೆ ಬಿತ್ತು. ಎಳೆದುಕೊಂಡು ಹೋಗಲು ಯಾರಿಂದಲೂ ಆಗುತ್ತಿರಲಿಲ್ಲ.

ಆ ಕಾಲದಲ್ಲಿ ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ಹೆಣ್ಣು ನೋಡುವ ದಿನ ಪಂದ್ಯವಿತ್ತು. ಮೂರನೆಯ ಸಲ ಯಾರೂ ಮಾತು ತೆಗೆಯಲಿಲ್ಲ.

ಮೊಣಕಾಲು ತಿರುಚಿದ ಮೇಲೆ ಗಿರಣಿಯವರು ಅವನನ್ನು ಕೆಲಸದಿಂದ ತೆಗೆಯದೆ ತಂಡಕ್ಕೆ ಕಲಿಸುವವನಾಗಿ ಇಟ್ಟುಕೊಂಡರು. ಆಮೇಲೆ ಮ್ಯಾನೇಜರ್ ಮಾಡಿದರು. ಅದು ದೊಡ್ಡ ಮರ್ಯಾದೆಯೇ. ಆದರೆ ಮೊದಲ ಪ್ರಯಾಣದಲ್ಲೇ ವ್ಯತ್ಯಾಸ ತಿಳಿಯಿತು. ಆಟಗಾರರು ಏಳು ಜನ ಒಂದೇ ಕೋಣೆಯಲ್ಲಿ ಕಾಲಿನ ಮೇಲೆ ಕಾಲು ಹಾಕಿಕೊಂಡು ಮಲಗಿದರು; ಅವನಿಗೆ ಬೇರೆ ಕೋಣೆ ಕೊಟ್ಟರು. ಊಟಕ್ಕೆ ಕುಳಿತಾಗ ಅವನ ಬಾಜು ಒಂದು ಜಾಗ ಖಾಲಿ ಬಿಟ್ಟರು. ಅವನು ಬಂದರೆ ಮಾತು ನಿಲ್ಲುತ್ತಿತ್ತು. ಅಂಕಣದ ಹೊರಗೆ ಅವನಿಗೊಂದು ಕುರ್ಚಿ ಹಾಕುತ್ತಿದ್ದರು. ಗಿರಣಿಯವರು ತಂಡವನ್ನು ಮುಚ್ಚಿದಾಗ ಅವನು ಯರಗುಪ್ಪಿಗೆ ಮರಳಿದ. ಊರಿನ ಯುವಕರು ಬಂದು, ನಮಗೂ ಕಲಿಸಿರಿ ಎಂದಾಗ ಗರಡಿಮನೆಯ ಹಿಂದಿನ ಕೋಣೆ ಸಿಕ್ಕಿತು. ಜೊತೆಗೆ ಇಲ್ಲೂ ಒಂದು ಕುರ್ಚಿ ಬಂತು.

ಹಾಗಾಗಿ ಆ ಹತ್ತು ದಿನ ಅವನಿಗೆ ಏನಾಗಿತ್ತೆಂಬುದನ್ನು ಹೇಳುವುದು ಕಷ್ಟ. ಸಂತೋಷ ಎಂದರೆ ದೊಡ್ಡ ಮಾತಾಗಬಹುದು. ಹಿಡಿಯುವ ಸಾಲಿನವರು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಮಾಡುತ್ತಾರೆ. ಎಡತುದಿಯಲ್ಲಿ ಅವನು, ಅವನ ಬಲಗೈ ಹಿಡಿದು ಹುಲಿಗೆಪ್ಪ. ಹುಲಿಗೆಪ್ಪ ಇಪ್ಪತ್ತೆರಡರ ಹುಡುಗ, ತಂಡದ ಒಳ್ಳೆಯ ದಾಳಿಕಾರ. ಮಾತು ಕಡಿಮೆ, ಅಂಗೈ ಮಾತ್ರ ನೇಗಿಲು ಹಿಡಿದು ಒರಟಾಗಿತ್ತು. ಮೊದಲ ದಿನ ಅವನು ಮರ್ಯಾದೆಯಿಂದ ಬೀರಲಿಂಗಪ್ಪನ ಬೆರಳ ತುದಿ ಹಿಡಿದ. "ಮದಲಗಿತ್ತಿ ಕೈ ಅಲ್ಲಪಾ ಅದು, ಗಟ್ಟಿ ಹಿಡಿ," ಎಂದ ಬೀರಲಿಂಗಪ್ಪ. ಮೂರನೆಯ ದಿನ ಯಾರೂ ಅವನಿಗೆ ಸರ ಎನ್ನಲಿಲ್ಲ. ಆಟದ ಭರದಲ್ಲಿ ಕುತುಬುದ್ದೀನ, "ಎಡಕ್ಕ ಸರೀಲೇ ಬೀರಣ್ಣಾ!" ಎಂದು ಕೂಗಿಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ. ಬೀರಲಿಂಗಪ್ಪ ಕೇಳಿಸದವನಂತೆ ಎಡಕ್ಕೆ ಸರಿದ.

ಆರು ಜನವೂ ತೂಕ ಇಳಿಸುತ್ತಿದ್ದರು. ಒಣರೊಟ್ಟಿ, ಒಂದಿಷ್ಟು ಪಲ್ಯ, ನೀರು ಕೂಡ ಲೆಕ್ಕ ಮಾಡಿ. ಹುಲಿಗೆಪ್ಪನ ಪಕ್ಕೆಲುಬು ಎದ್ದು ಕಾಣುತ್ತಿದ್ದವು. ಅವನೊಬ್ಬನಿಗೇ ಎರಡು ಕಿಲೋ ಇಳಿಸಬೇಕಿತ್ತು, ಇಳಿಸಿದ್ದ.

ಅಮಾವಾಸ್ಯೆಯ ಹಿಂದಿನ ಸಂಜೆ ಹುಲಿಗೆಪ್ಪನ ತಾಯಿ ಮೈಲಾರವ್ವ ಬೀರಲಿಂಗಪ್ಪನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಗಂಡ ತೀರಿ ವರ್ಷಗಳಾಗಿದ್ದವು. ಹೊಲವನ್ನು ಅವಳೂ ಮಗನೂ ಸೇರಿ ನೋಡಿಕೊಳ್ಳುತ್ತಿದ್ದರು.

"ತಮ್ಮಾ, ನಾಳಿ ಮುಂಜಾನಿ ಇಂವನ್ನ ಹೊಲಕ್ಕ ಕಳಸು."

"ಅಕ್ಕಾ, ಎಲ್ಲಾರಿಗೂ ಬ್ಯಾಡ ಅಂದೇನಿ. ಇವನ್ನೊಬ್ಬನ್ನ ಬಿಟ್ರ ಉಳದಾವ್ರು ನನ್ನ ಹರದ ತಿಂತಾರ."

"ಅವರ ಮನ್ಯಾಗ ಅಪ್ಪ ಅದಾರ, ಅಣ್ಣ ಅದಾರ. ನಮ್ಮನ್ಯಾಗ ಗಂಡಸಂದ್ರ ಇಂವ ಒಬ್ಬನ. ಚರಗ ನಾ ಚೆಲ್ಲಾಕ ಬರ್ತೈತೇನು?"

"ನಿಮ್ಮ ಭಾವಕಿ ಅಣ್ಣತಮ್ಮಂದಿರನ್ನ ಯಾರನ್ನರ ಕರಿ."

"ಕರೀತೇನಿ. ಅವರನ್ನ ಕರದು ಚರಗ ಚೆಲ್ಲಸ್ತೇನಿ, ಇಂವನ್ನ ಕಬಡ್ಡಿ ಬಿಡಸ್ತೇನಿ. ಆತಿಲ್ಲೋ?"

ಬೀರಲಿಂಗಪ್ಪ ಅವಳ ಮುಖ ನೋಡಿದ. ಹುಡುಗಾಟದ ಮಾತಾಗಿರಲಿಲ್ಲ. ಹುಲಿಗೆಪ್ಪನಂಥ ದಾಳಿಕಾರ ಇಲ್ಲದಿದ್ದರೆ ತಂಡವೇ ಇಲ್ಲ. ತಂಡವಿಲ್ಲದಿದ್ದರೆ ಏಳನೆಯವನೂ ಇಲ್ಲ.

"ಚರಗ ಚೆಲ್ಲಲಿ. ಆದ್ರ ಒಂದ ತುತ್ತೂ ಉಣಬಾರ್ದು. ನಾನೂ ಕೂಡ ಬರ್ತೇನಿ. ಎಲ್ಲಾರೂ ಹೊಲಕ್ಕ ಹೋಗೂದ್ರಾಗ ಮುಗಿಸಿ ಬರಬೇಕು."

"ಬಾ. ಕಾವಲಕ್ಕ ಬಾ," ಎಂದು ಮೈಲಾರವ್ವ ನಕ್ಕು ಹೋದಳು.

ಉಳಿದ ಐವರಿಗೆ ಅವನು ಸುಳ್ಳು ಹೇಳಿದ. ಕಾಟಾದ ವೇಳೆ ಕೇಳಿಕೊಂಡು ಬರಲು ಹುಲಿಗೆಪ್ಪನನ್ನು ಕರೆದುಕೊಂಡು ಕುಂದಗೋಳಕ್ಕೆ ಹೋಗುತ್ತೇನೆ, ನೀವು ಗರಡಿಮನೆ ಬಿಟ್ಟು ಕದಲಬೇಡಿ ಎಂದ. ಮೈಲಾರವ್ವನ ಹೊಲ ಊರಿನಿಂದ ದೂರ, ಹಳ್ಳದ ಆಚೆಗಿತ್ತು. ಬಿಳಿಜೋಳ ಎದೆಯೆತ್ತರ ಬಂದು ತೆನೆ ಹಾಲುಗಟ್ಟಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ಹೋಗುವಷ್ಟರಲ್ಲಿ ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಅವಳು ಪೂಜೆ ಮುಗಿಸಿದ್ದಳು. ಹುಲಿಗೆಪ್ಪ ಚರಗದ ಬುಟ್ಟಿ ಹಿಡಿದು, ಕೂಗು ಹಾಕುತ್ತ ನಾಲ್ಕೂ ಬದುವಿಗೆ ಸುತ್ತಿ ಬಂದ. ಅವನ ದನಿ ಜೋಳದೊಳಗೆ ಹೋಗಿ ಹಳ್ಳದ ಕಡೆಯಿಂದ ತಿರುಗಿ ಬರುತ್ತಿತ್ತು. ಕಬಡ್ಡಿಯ ಉಸಿರು ಅದು, ಎಲ್ಲೂ ಕಡಿಯಲಿಲ್ಲ.

ಅವನು ಬರುವಷ್ಟರಲ್ಲಿ ಮೈಲಾರವ್ವ ಎಲೆ ಹಾಕಿ ಬಡಿಸಿದ್ದಳು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಮೊಸರು ಕಲಸಿದ ಬಾನ. ಹುಲಿಗೆಪ್ಪ ಒಮ್ಮೆ ನೋಡಿ ಜೋಳದ ಕಡೆ ಮುಖ ತಿರುಗಿಸಿ ಕುಳಿತ.

"ಅಕ್ಕಾ, ಮಾತಾಗಿತ್ತಲ್ಲ?"

"ನಾ ಉಣ್ಣು ಅಂದ್ನೇನು? ಚರಗ ಚೆಲ್ಲಿದಾಂವಗ ಎಡಿ ಹಾಕಬೇಕು, ಹಾಕೇನಿ. ಹೊಲದಾಗ ಹಾಕಿದ ಎಡಿ ಮನಿಗೆ ತಿರುಗಿ ಒಯ್ಯಾಕ ಬರೂದಿಲ್ಲ. ದನಕ್ಕ ಹಾಕಾಕ ಬರೂದಿಲ್ಲ. ಇಲ್ಲೆ ಯಾವನರ ಒಬ್ಬ ಗಂಡಸ ಉಣಬೇಕು."

"ನಾ ಒಂಚೂರು ಉಣ್ತೇನಿ ಬಿಡ ಬೇ," ಎಂದು ಹುಲಿಗೆಪ್ಪ ಮೆಲ್ಲಗೆ ಎಲೆಯ ಕಡೆ ಸರಿದ.

"ಏಳಲೇ!" ಎಂದ ಬೀರಲಿಂಗಪ್ಪ. ಒಂದು ತುತ್ತು ಹೋದರೆ ಈ ಹುಡುಗ ಎಲೆ ಖಾಲಿಯಾಗುವವರೆಗೆ ನಿಲ್ಲಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು. "ಎಡಿ ನಾ ಉಣ್ತೇನಿ."

"ನೀನೂ ನಾಳಿ ಆಡಾಂವಂತ?" ಎಂದಳು ಮೈಲಾರವ್ವ.

"ನನ್ನ ತೂಕ ಕಡಿಮಿ ಐತಿ, ಅಕ್ಕಾ. ನಂದೇನಿಲ್ಲ."

ಅರ್ಧ ಕಿಲೋ ಕೈಯಲ್ಲಿದೆ ಎಂದು ಅವನು ಲೆಕ್ಕ ಹಾಕಿದ್ದ. ಎಲೆಯ ಮೇಲಿದ್ದುದನ್ನು ಉಂಡು ರಾತ್ರಿ ಉಪವಾಸ ಬಿದ್ದರೆ ಬೆಳಿಗ್ಗೆ ಸರಿಹೋಗುತ್ತದೆ. ಆ ಲೆಕ್ಕ ತಪ್ಪಾಗಿರಲಿಲ್ಲ. ಎಲೆಯ ಮೇಲಿದ್ದುದನ್ನಷ್ಟೇ ಉಂಡು ಎದ್ದಿದ್ದರೆ ಬಹುಶಃ ಸರಿಹೋಗುತ್ತಿತ್ತು.

ಮೊದಲ ರೊಟ್ಟಿ ಮುಗಿಯುವಷ್ಟರಲ್ಲಿ ಮೈಲಾರವ್ವ ಎದುರಿಗೆ ಬಂದು ಕುಳಿತಳು. "ಬದನಿಕಾಯಿ ಖಾರ ಆತೇನು?" ಎಂದಳು. "ಮ್ಯಾಲ ಮಸರ ಹಾಕ್ಲ್ಯಾ?" ಎಂದಳು. ಹದಿನೇಳು ವರ್ಷ ಅವನು ಖಾನಾವಳಿಗಳಲ್ಲಿ ಉಂಡಿದ್ದ. ಅಲ್ಲಿ ಬಡಿಸುವವನು ತಾಟು ನೋಡುತ್ತಾನೆ, ಮುಖ ನೋಡುವುದಿಲ್ಲ. ಊರಿಗೆ ಬಂದ ಮೇಲೆ ಐದು ಎಳ್ಳಮಾವಾಸ್ಯೆ ಕಳೆದಿದ್ದವು. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುವುದು ಊರಿನ ರೂಢಿ. ಅವನನ್ನು ಯಾರೂ ಕರೆದಿರಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ, ಬೇರೆ ಯಾರೋ ಕರೆದಿರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರಬೇಕು. ಆ ದಿನ ಊರು ಪೂರ್ತಿ ಖಾಲಿಯಾಗುತ್ತಿತ್ತು. ಅವನು ಕೋಣೆಯಲ್ಲಿ ಸ್ಟೋ ಹಚ್ಚಿ ಅನ್ನ ಮಾಡಿಕೊಳ್ಳುತ್ತಿದ್ದ.

"ಇನ್ನೊಂದು ಹೋಳಿಗಿ," ಎಂದಳು ಮೈಲಾರವ್ವ.

ಸಾಕೆನ್ನಲು ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕಿತ್ತು. ಕೈ ಎತ್ತಿದ. ಎತ್ತಿದ ಕೈಯನ್ನು ಹಾಗೇ ಪಕ್ಕಕ್ಕೆ ತೆಗೆದುಕೊಂಡ. ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ ಬಿತ್ತು. ಆಮೇಲೆ ಬಾನ ಬಂತು, ಮತ್ತೆ ಅರ್ಧ ರೊಟ್ಟಿ ಬಂತು. ಅವನು ಒಂದಕ್ಕೂ ಬೇಡವೆನ್ನಲಿಲ್ಲ. ಮೈಲಾರವ್ವ ಹೊಲದ ಮಾತು, ಗಂಡ ಇದ್ದಾಗಿನ ಮಾತು, ಈ ಸಲ ಕಡಲೆಗೆ ಬಿದ್ದ ಹುಳದ ಮಾತು ಆಡುತ್ತಲೇ ಇದ್ದಳು. ಅವನು ಹೂಂಗುಟ್ಟುತ್ತ ಉಂಡ.

ಹುಲಿಗೆಪ್ಪ ಮಾತ್ರ ತಿರುಗಿ ಒಮ್ಮೆ ನೋಡಿ, "ಸರ, ಸಾಕ್ರಿ," ಎಂದ.

"ನಿನಗ ಹೊಟ್ಟಿಕಿಚ್ಚು," ಎಂದಳು ತಾಯಿ.

ಮರುದಿನ ಬೆಳಿಗ್ಗೆ ಕುಂದಗೋಳದ ಹತ್ತಿ ದಲಾಲಿಯ ಒಂದು ಅಡತಿ ಅಂಗಡಿಯ ಮುಂದೆ ಕಾಟಾ ಇಟ್ಟಿದ್ದರು. ತೂಕ ನೋಡಲು ಕುಳಿತವನು ಯಾಕೂಬಸಾಬ. ಗಿರಣಿಯ ತಂಡದಲ್ಲಿ ಬೀರಲಿಂಗಪ್ಪನ ಜೊತೆಗೇ ಆಡಿದವನು. ಈಗ ಕುಂದಗೋಳದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಇವನನ್ನು ಕಂಡು ಎದ್ದು ಬಂದು ಅಪ್ಪಿಕೊಂಡ.

"ಆಡಾಕ ಬಂದೀಯಂತ? ಲೇ ಬೀರ್ಯಾ, ನಿನಗ ಬುದ್ಧಿ ಬರೂದ ಯಾವಾಗಲೇ? ನನಗ ಈಗ ಪಾಯಖಾನಿಗೆ ಕುಂತ್ರ ಏಳಾಕ ಬರೂದಿಲ್ಲ!"

ಆರು ಜನ ಒಬ್ಬೊಬ್ಬರಾಗಿ ಹತ್ತಿ ಇಳಿದರು. ಎಲ್ಲರೂ ಒಳಗಿದ್ದರು. ಹುಲಿಗೆಪ್ಪ ಇಳಿದಾಗ ಕುತುಬುದ್ದೀನ ಅವನ ಬೆನ್ನಿಗೆ ಗುದ್ದಿದ. ಕೊನೆಗೆ ಬೀರಲಿಂಗಪ್ಪ ಅಂಗಿ ಬಿಚ್ಚಿ ಹತ್ತಿದ.

ಯಾಕೂಬಸಾಬ ಗುಂಡು ಸರಿಸಿ ನೋಡಿದ. ಮತ್ತೊಮ್ಮೆ ಸರಿಸಿದ. "ನಾಕನೂರು ಗ್ರಾಮ ಹೆಚ್ಚೈತಲ್ಲೋ."

ಕುತುಬುದ್ದೀನ ಕೇಳಿದ: "ಸರ, ಉಂಡೀರೇನ್ರಿ?"

"ಉಂಡೆ."

"ಯಾವಾಗ್ರಿ?"

"ನಿನ್ನಿ."

"ನಿನ್ನಿ ಕುಂದಗೋಳಕ್ಕ ಬಂದಿದ್ರಲ್ಲ? ಇಲ್ಲೇ ಹೊಡದ್ರೇನು?" ಎಂದ ಇನ್ನೊಬ್ಬ. "ನಮಗ ಒಣರೊಟ್ಟಿ, ನಿಮಗ ಖಾನಾವಳಿ. ಚಲೋ ಆತು."

ಬೀರಲಿಂಗಪ್ಪ ಹುಲಿಗೆಪ್ಪನ ಕಡೆ ನೋಡಲಿಲ್ಲ. ನೋಡಿದರೆ ಹುಡುಗ ಬಾಯಿ ಬಿಡುತ್ತಾನೆ ಎಂದು ಹೆದರಿಕೆ. ಬಾಯಿ ಬಿಟ್ಟರೆ, ತಾವು ಹೊಲ ಬಿಟ್ಟು ಕೋಣೆಯಲ್ಲಿ ಕೊಳೆತಾಗ ಹುಲಿಗೆಪ್ಪನೊಬ್ಬನೇ ಚರಗಕ್ಕೆ ಹೋಗಿದ್ದ ಎಂದು ಉಳಿದವರಿಗೆ ತಿಳಿಯುತ್ತದೆ. ಆಟಕ್ಕೆ ಇನ್ನು ಎರಡು ತಾಸೂ ಇರಲಿಲ್ಲ. ಹುಲಿಗೆಪ್ಪ ತಲೆ ತಗ್ಗಿಸಿ ಚಡ್ಡಿಯ ಲಾಡಿ ಬಿಚ್ಚಿ ಕಟ್ಟುತ್ತಿದ್ದ.

ಯಾಕೂಬಸಾಬ ತನ್ನ ಕಂಬಳಿ ಕೊಟ್ಟ. ಬೀರಲಿಂಗಪ್ಪ ಅದನ್ನು ಮೈತುಂಬ ಸುತ್ತಿಕೊಂಡು ರೈಲು ಹಳಿಯ ಬಾಜು ಓಡಿದ. ಮೊಣಕಾಲು ಮೊದಲೇ ಬೈಯತೊಡಗಿತ್ತು. ಬೆವರು ಇಳಿದು ಕಣ್ಣಿಗೆ ಬಂತು. ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಉಗುಳುತ್ತ ಓಡಿದ. ಗಿರಣಿಯ ದಿನಗಳಲ್ಲಿ ಕಲಿತ ಉಪಾಯ ಅದು. ನಿಲ್ದಾಣದ ಆಚೆ ತುದಿಯವರೆಗೆ ಹೋಗಿ ಬಂದು ಕಾಟಾ ಹತ್ತಿದಾಗ ಅರ್ಧ ಇಳಿದಿತ್ತು. ಮತ್ತೆ ಓಡಿದ. ಈ ಸಲ ಕುಂಟುತ್ತ ಬಂದು ಕಾಟಾ ಹತ್ತಿದ. ವೇಳೆ ಮುಗಿಯುತ್ತ ಬಂದಿತ್ತು.

ಯಾಕೂಬಸಾಬ ಗುಂಡಿನ ಮೇಲೆ ಬೆರಳಿಟ್ಟು, ಬಗ್ಗಿ, ಅವನಿಗಷ್ಟೇ ಕೇಳುವಂತೆ ಹೇಳಿದ: "ನೂರು ಗ್ರಾಮ ಉಳದೈತಿ. ನಾ ಐವತ್ತೈದು ಅಂತೇನಿ. ಯಾರ್ ನೋಡ್ತಾರೋ? ಸುಮ್ಮನ ಇಳಿ."

ಬೀರಲಿಂಗಪ್ಪ ಕೂಡಲೇ ಬೇಡವೆಂದ ಎಂದರೆ ಸುಳ್ಳಾಗುತ್ತದೆ. ಅವನು ಕಾಟಾದ ಮೇಲೇ ನಿಂತ. ನೂರು ಗ್ರಾಮವೆಂದರೆ ಒಂದು ಲೋಟ ಚಹಾ. ಆಚೆ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಎಡತುದಿಯ ಮೂಲೆ ಅಲ್ಲಿಂದಲೇ ಕಾಣುತ್ತಿತ್ತು. ಆ ಮೂಲೆಯಲ್ಲಿ ನಿಂತರೆ ಬಲಗೈಯೊಳಗೆ ಒಂದು ಕೈ ಇರುತ್ತದೆ. ಅಷ್ಟೇ ಅವನಿಗೆ ಬೇಕಿದ್ದುದು.

ಆರು ಜನ ಬರಿಮೈಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು. ತುಟಿ ಒಣಗಿ ಬಿರಿದಿದ್ದವು. ಒಬ್ಬ ಹುಡುಗ ನೀರಿನ ಕೊಡದ ಪಕ್ಕದಲ್ಲೇ ನಿಂತಿದ್ದ. ತೂಕ ಮುಗಿದಿದ್ದರೂ ಇವನು ಹೇಳುವವರೆಗೆ ಕುಡಿಯಬಾರದೆಂದು ಕುಡಿದಿರಲಿಲ್ಲ.

"ಹೆಚ್ಚೈತಿ ಅಂತ ಬರಿ," ಎಂದ ಬೀರಲಿಂಗಪ್ಪ.

"ಬೀರ್ಯಾ..."

"ಬರಿಯೋ ಮಾರಾಯಾ."

ಇಳಿದು ಅಂಗಿ ಹಾಕಿಕೊಂಡ. "ನೀರ ಕುಡೀರಿ. ಒಮ್ಮೆಲೆ ಗಟಗಟ ಕುಡೀಬ್ಯಾಡ್ರಿ. ಆರು ಮಂದಿ ಆಡ್ರಿ," ಎಂದ.

ಏಳು ಜನ ತುಂಬದಿದ್ದರೂ ಐವರಿದ್ದರೆ ಆಟ ಶುರು ಮಾಡಬಹುದಿತ್ತು. ಅವನಿಗೆ ಗೆರೆಯ ಹೊರಗೆ ಕುರ್ಚಿ ಹಾಕಿದರು. ಕುಳಿತ. ಆಟ ನಡೆಯುವಾಗ ಮ್ಯಾನೇಜರ್ ಕೂಗುವಂತಿಲ್ಲ. ಕೂಗಿದರೆ ಪಂಚರು ತಂಡಕ್ಕೆ ಎಚ್ಚರಿಕೆ ಕೊಡುತ್ತಾರೆ.

ಮೊದಲ ಪಂದ್ಯ ನವಲಗುಂದದ ಕಡೆಯವರ ಮೇಲೆ. ಹುಲಿಗೆಪ್ಪ ಹುಚ್ಚು ಹಿಡಿದವನಂತೆ ಆಡಿದ. ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಗೆರೆಗೆ ಬಿದ್ದ. ಗೆದ್ದರು. ಗೆದ್ದ ಮೇಲೆ ಆರೂ ಜನ ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು. ಬೀರಲಿಂಗಪ್ಪ ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಹೋಗಿ ನಿಂತ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆ ರಾಶಿಯೊಳಗೆ ಹೇಗೆ ಹೋಗುವುದೆಂದು ಮಾತ್ರ ತಿಳಿಯಲಿಲ್ಲ. ತಿರುಗಿ ಬಂದು ಕುಳಿತ.

ಎರಡನೆಯದು ಅಣ್ಣಿಗೇರಿಯವರ ಮೇಲೆ. ಅವರ ದಾಳಿಕಾರ ಎತ್ತರದ, ಸಪೂರ ಕಾಲಿನ ಆಳು. ಎರಡೇ ಸಲ ಬರುವಷ್ಟರಲ್ಲಿ ಅವನಿಗೆ ಎಡತುದಿ ಬಯಲಾಗಿದೆಯೆಂದು ತಿಳಿಯಿತು. ಆಮೇಲೆ ಅಲ್ಲಿಗೇ ಬಂದ. ಬಂದು ಬಲಗಾಲು ಚಾಚುವ ಮುಂಚೆ ಎಡ ಹಿಮ್ಮಡಿಯನ್ನು ಒಂದು ಕ್ಷಣ ನೆಲಕ್ಕೆ ಒತ್ತುತ್ತಿದ್ದ. ಪ್ರತಿ ಸಲವೂ ಒತ್ತುತ್ತಿದ್ದ. ಆ ಒಂದು ಕ್ಷಣ ಸಾಕಿತ್ತು. ಬೀರಲಿಂಗಪ್ಪನ ಕೈಗಳು ತಾವಾಗಿಯೇ ಮೊಣಕಾಲಿನಿಂದ ಎದ್ದವು. ಅವನು ಅವನ್ನು ತೊಡೆಗಳ ನಡುವೆ ಒತ್ತಿ ಹಿಡಿದುಕೊಂಡ. ಹುಲಿಗೆಪ್ಪ ಎರಡು ಸಲ ಅತ್ತ ಹಾರಿದ. ಅವನಿಗೆ ಕಾಲಿನ ಗುಟ್ಟು ಗೊತ್ತಿರಲಿಲ್ಲ, ಸೊಂಟಕ್ಕೆ ಬಿದ್ದು ಜಾರಿದ. ಸೋತರು.

ಖಾನಾವಳಿಯಲ್ಲಿ ಹುಡುಗರು ಹತ್ತು ದಿನದ ಹಸಿವು ತೀರಿಸಿಕೊಂಡರು. ಬೀರಲಿಂಗಪ್ಪ ಬರಿ ಮಜ್ಜಿಗೆ ಕೇಳಿದ.

"ಸರ್‌ಗೆ ಬಡಸಬ್ಯಾಡ್ರಿ," ಎಂದು ಕುತುಬುದ್ದೀನ ಬಡಿಸುವವನಿಗೆ ಹೇಳಿದ. "ಅವರದು ನಿನ್ನೇನ ಆಗೈತಿ."

ಎಲ್ಲರೂ ನಕ್ಕರು. ನಗೆಯಲ್ಲಿ ವಿಷವೇನೂ ಇರಲಿಲ್ಲ. ಸೋತ ಬೇಸರ ಎಲ್ಲಾದರೂ ಇಳಿಯಬೇಕಿತ್ತು. ಹುಲಿಗೆಪ್ಪ ತಾಟಿನಿಂದ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಆರು ಜನ ಒತ್ತಿಕೊಂಡು ಕುಳಿತರು. ಬೀರಲಿಂಗಪ್ಪ ಮುಂದೆ ಕುಳಿತ. ಬಾಜು ಸೀಟು ಯರಗುಪ್ಪಿಯವರೆಗೂ ಖಾಲಿ ಇತ್ತು.

ಮರುದಿನ ಮಧ್ಯಾಹ್ನ ಮೈಲಾರವ್ವ ಬಂದಳು. ಊರಿನಲ್ಲಿ ಮಾತು ಹಬ್ಬಿತ್ತು.

"ತಮ್ಮಾ, ಹುಡುಗ್ರನ್ನ ಉಪಾಸ ಕೆಡವಿ ನೀ ಕುಂದಗೋಳದಾಗ ಉಂಡಿ ಅಂತ ಮಂದಿ ಅಂತಾರಲ್ಲೋ? ನೀ ಉಂಡದ್ದು ನನ್ನ ಕೈಯಾಗ. ನಾ ಹೋಗಿ ಹೇಳ್ತೇನಿ."

"ಹೇಳಬ್ಯಾಡಕ್ಕಾ. ಹುಲಿಗೆಪ್ಪ ಹೊಲಕ್ಕ ಹೋಗಿದ್ದ ಅಂತ ಗೊತ್ತಾದ್ರ ಅವರು ಅವನ್ನ ಕೂಡಿಸ್ಕೊಳ್ಳೂದಿಲ್ಲ. ಅಂವ ಅವರ ನಡುವ ಇರಬೇಕು."

"ಮತ್ತ ನೀನು?"

ಅವನು ಬಾಗಿ ಸ್ಟೋಗೆ ಗಾಳಿ ಹಾಕತೊಡಗಿದ.

"ಅಲ್ಲಾ, ನಿನಗ ಬಾಯಿ ಇರಲಿಲ್ಲೇನು? ನಾ ಹಾಕ್ಕೋತ ಹ್ವಾದ್ರ ನೀ ಉಣಕೋತ ಹೋಗೂದ? ಒಂದ ಎಡಿ ಉಂಡು ಏಳಬೇಕಿತ್ತು. ಎಷ್ಟ ಸಲ ಹಾಕ್ದೆ ನಾನು! ಒಂದ ಸಲಾನೂ ಸಾಕು ಅನ್ನಲಿಲ್ಲ ನೀ."

"ಅನ್ನಾಕ ಆಗಲಿಲ್ಲಕ್ಕಾ."

ಮೈಲಾರವ್ವ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಕೋಣೆಯೊಳಗಿನ ಸ್ಟೋ, ಒಂದೇ ತಾಟು, ಗೂಟಕ್ಕೆ ಹಾಕಿದ ಅಂಗಿ ನೋಡಿದಳು. ಗಂಡ ತೀರಿದವಳ ಮನೆಯಿಂದ ಒಬ್ಬಂಟಿ ಗಂಡಸಿಗೆ ಬುತ್ತಿ ಹೋದರೆ ಊರು ಏನನ್ನುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸೆರಗು ಸರಿಮಾಡಿಕೊಂಡು, "ಬರ್ತೇನಿ," ಎಂದು ಹೋದಳು.

ಸಂಜೆ ಗರಡಿಮನೆಯ ಮುಂದೆ ಆಟಕ್ಕೆ ಬಂದವರು ಒಂಬತ್ತು ಜನ. ಅಮಾವಾಸ್ಯೆ ಕಳೆದಿತ್ತು. ಅಮೋಘಸಿದ್ದಪ್ಪನೂ ಉಳಿದಿಬ್ಬರೂ ಏನೂ ಆಗಿಲ್ಲವೆನ್ನುವಂತೆ ಬಂದು ಅಂಗಿ ಬಿಚ್ಚಿ ನಿಂತಿದ್ದರು. 'ನಮ್ಮಪ್ಪನ ಮಾತು ಮನಸಿಗೆ ಹಚ್ಕೋಬ್ಯಾಡ್ರಿ ಸರ' ಎಂದು ಅಮೋಘಸಿದ್ದಪ್ಪ ಹೇಳಿದ. ಬೀರಲಿಂಗಪ್ಪ, ಇಲ್ಲ ಬಿಡು ಎಂದ. ಅವರನ್ನು ಹೊರಗೆ ನಿಲ್ಲಿಸಲು ಅವನಿಗೆ ಒಂದು ಕಾರಣವೂ ಸಿಗಲಿಲ್ಲ. ಹುಡುಕಿದ್ದನೆಂಬುದು ಅವನಿಗೊಬ್ಬನಿಗೇ ಗೊತ್ತು.

ಅಮೋಘಸಿದ್ದಪ್ಪ ಎಡತುದಿಗೆ ಹೋಗಿ ನಿಂತು ಹುಲಿಗೆಪ್ಪನ ಕೈ ಹಿಡಿದ. ಹುಲಿಗೆಪ್ಪ ಒಂದು ಕ್ಷಣ ಬೀರಲಿಂಗಪ್ಪನ ಕಡೆ ನೋಡಿದ.

"ಮುಂದ ನೋಡಲೇ," ಎಂದ ಬೀರಲಿಂಗಪ್ಪ. ಆಮೇಲೆ ಅಮೋಘಸಿದ್ದಪ್ಪನಿಗೆ, ನೆಲದ ಮೇಲೆ ತನ್ನ ಕಾಲನ್ನೇ ಚಾಚಿ ತೋರಿಸುತ್ತ ಹೇಳತೊಡಗಿದ: "ಅಣ್ಣಿಗೇರಿಯಾಂವ ಬರೂ ವರ್ಷ ಮತ್ತ ಬರ್ತಾನ. ಬಲಗಾಲ ಚಾಚೂಕಿಂತ ಮದಲ ಎಡ ಹಿಮ್ಮಡ ಹಿಂಗ ಒತ್ತತಾನ. ಆವಾಗ ಹೋಗು. ಸೊಂಟಕ್ಕ ಹೋಗಬ್ಯಾಡ, ಇಲ್ಲೆ, ಈ ಜಾಗಾಕ್ಕ. ಹಿಡಿ ನೋಡೂಣು ನನ್ನ ಕಾಲ. ಗಟ್ಟಿ ಹಿಡಿ. ಇನ್ನೂ ಗಟ್ಟಿ."